ಬೇಮಳಖೇಡದ ಮೂಲಮನೆ

ನಮ್ಮ ಅಡ್ಡಹೆಸರು ಬೇಮಳಖೇಡಕರ ಎಂಬುದು. ಊರಿನ ಹೆಸರನ್ನೇ ಮನೆತನದ ಹೆಸರಾಗಿ ಇರಿಸಿಕೊಳ್ಳುವ ರೂಢಿಯು ನಮ್ಮ ಸೀಮೆಯಲ್ಲಿ ಎಷ್ಟು ಬಲವಾದುದೆಂದರೆ, ಊರು ಬಿಟ್ಟು ಎರಡು ಮೂರು ತಲೆಗಳು ಕಳೆದರೂ ಹೆಸರು ಮಾತ್ರ ಬಿಡದು. ಮೂವತ್ತೆರಡು ವರ್ಷ ಕಲಬುರ್ಗಿಯಲ್ಲಿ ಮಕ್ಕಳಿಗೆ ಸಂಸ್ಕೃತವನ್ನು ಕಲಿಸುತ್ತ, ಹಾಜರಿ ಪುಸ್ತಕದಲ್ಲಿ ದಿನವೂ ಆ ಹೆಸರಿನಿಂದ ಸಹಿ ಮಾಡಿದ ನಾವು ಆ ಊರನ್ನು ಒಮ್ಮೆಯಾದರೂ ಕಣ್ಣಾರೆ ಕಂಡಿರಲಿಲ್ಲವೆಂದರೆ ವಾಚಕರು ನಗಬಹುದು. ಕಲಬುರ್ಗಿಯಿಂದ ಅದು ಒಂದು ದಿನದ ದಾರಿಯೂ ಅಲ್ಲ. ಹೋಗದಿದ್ದುದಕ್ಕೆ ಕಾರಣ ದೂರವಲ್ಲ. ಆ ಊರಿನ ಮಾತು ಬಂದಾಗಲೆಲ್ಲ ನಮ್ಮ ತಂದೆಯವರ ಮುಖವು ಬಾಡುತ್ತಿದ್ದುದೇ ಕಾರಣ.

ಮನೆಯಲ್ಲಿ ನಾವು ಕೇಳುತ್ತ ಬಂದ ಕಥೆಯು ಇಷ್ಟೆ: ಸನ್ 1948ರಲ್ಲಿ, ರಜಾಕಾರರ ಹಾವಳಿಯ ಕಾಲದಲ್ಲಿ, ನಮ್ಮ ಅಜ್ಜನವರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ಸೊಲ್ಲಾಪುರಕ್ಕೆ ಹೋದರು. ಸಪ್ಟೆಂಬರದಲ್ಲಿ ಹೈದರಾಬಾದ ಸಂಸ್ಥಾನವು ಭಾರತಕ್ಕೆ ಸೇರಿ, ನಾಡು ಶಾಂತವಾಗಿ, ಅವರು ತಿರುಗಿ ನೋಡುವಷ್ಟರಲ್ಲಿ ಹೊಲವನ್ನು ಉಳುತ್ತಿದ್ದವರು ಅದನ್ನು ತಮ್ಮ ಹೆಸರಿಗೆ ಮಾಡಿಕೊಂಡಿದ್ದರು. 'ನಂಬಿದವರೇ ನುಂಗಿದರು' ಎಂಬುದು ತಂದೆಯವರ ಮಾತು. ಅದರ ಮುಂದೆ ಅವರು ಏನನ್ನೂ ಹೇಳುತ್ತಿರಲಿಲ್ಲ; ನಾವೂ ಕೇಳುತ್ತಿರಲಿಲ್ಲ.

ಹೀಗಿರಲು ನಮ್ಮನ್ನು ಬೇಮಳಖೇಡಕ್ಕೆ ಹೊರಡಿಸಿದವರು ಯಾರೆಂದರೆ, ಜರ್ಮನಿಯ ಬೀಗರು! ನಮ್ಮ ಮಗಳು ಸ್ಟುಟ್‌ಗಾರ್ಟ್ ಪಟ್ಟಣದ ಸಮೀಪದಲ್ಲಿ ಕೆಲಸದಲ್ಲಿರುವಳು. ಆ ನಾಡಿನವನನ್ನೇ ಮದುವೆಯಾಗಿರುವಳು. ಅವರಿಗೆ ನಾಲ್ಕು ವರ್ಷದ ಒಬ್ಬ ಮಗನಿರುವನು. ಕಳೆದ ಕಾರ್ತಿಕದಲ್ಲಿ ಬೀಗರು ಪತ್ನೀಸಮೇತರಾಗಿ ನಮ್ಮ ಮನೆಗೆ ಬಂದಿದ್ದರು. ಬರುವಾಗ ಕೈಯಲ್ಲಿ ರಟ್ಟು ಕಟ್ಟಿದ ಒಂದು ದೊಡ್ಡ ಪುಸ್ತಕವಿತ್ತು. ಅದು ಅವರ ವಂಶದ ಪುಸ್ತಕ. ಹನ್ನೊಂದು ತಲೆಗಳ ಹೆಸರು, ಪ್ರತಿಯೊಬ್ಬನೂ ಬಾಳಿದ ಮನೆಯ ಚಿತ್ರ, ಅದರ ಬಾಗಿಲ ಸಂಖ್ಯೆ, ಉತ್ತ ಹೊಲಗಳ ನಕಾಶೆ, ಆ ಹೊಲಗಳ ಹೆಸರು, ಎಲ್ಲವೂ ಅದರಲ್ಲಿದ್ದವು. ಸೇವೆಯಿಂದ ನಿವೃತ್ತರಾದ ಮೇಲೆ ಒಂಬತ್ತು ವರ್ಷ ಊರೂರು ತಿರುಗಿ ಇದನ್ನು ಕೂಡಿಸಿದರಂತೆ.

ಇದು ಹೇಗೆ ಸಾಧ್ಯವಾಯಿತೆಂದು ನಾವು ಬೆರಗಿನಿಂದ ಕೇಳಿದೆವು. ಅವರ ನಾಡಿನಲ್ಲಿ 16ನೆಯ ಶತಮಾನದ ನಡುಗಾಲದಿಂದ ಊರೂರಿನ ಪಾದ್ರಿಗಳು ಕೂಸಿನ ದೀಕ್ಷಾಸ್ನಾನ, ಮದುವೆ, ಮಣ್ಣು, ಈ ಮೂರನ್ನೂ ಇಗರ್ಜಿಯ ಪುಸ್ತಕದಲ್ಲಿ ಬರೆದಿಡುತ್ತ ಬಂದಿರುವರು. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಎಷ್ಟೋ ಪುಸ್ತಕಗಳು ಊರುಗಳೊಂದಿಗೆ ಸುಟ್ಟುಹೋದವು. ಬೀಗರ ವಂಶಾವಳಿಯೂ ಆ ಯುದ್ಧದ ಈಚೆಗೇ ತೊಡಗುವುದು. ಹೊಲಗಳ ವಿಷಯಕ್ಕಾದರೋ, ಅವರ ವುರ್ಟೆಂಬೆರ್ಗ ನಾಡಿನ ಸರಕಾರವು 1818ರಿಂದ 1840ರವರೆಗೆ ಇಡೀ ರಾಜ್ಯವನ್ನು ಅಳೆಯಿಸಿ ನಕಾಶೆ ಬರೆಯಿಸಿತು. 1876ರಿಂದ ಜನನ ಮರಣಗಳ ನೋಂದಣಿಯು ಜರ್ಮನಿಯಲ್ಲೆಲ್ಲ ಸರಕಾರದ ಕೈಗೆ ಬಂದಿತು. ಆ ದೇಶದ ಉತ್ತರಭಾಗದ ಹಲವು ಕಡೆ ಹೊಲಮನೆಯೆಲ್ಲ ಒಬ್ಬನೇ ಮಗನಿಗೆ ಹೋಗುವುದು. ಮನೆಯಳಿಯನಾಗಿ ಬಂದವನು ತನ್ನ ಹೆಸರನ್ನು ಬಿಟ್ಟು ಆ ಹೊಲಮನೆಯ ಹೆಸರನ್ನೇ ಧರಿಸುವ ಪದ್ಧತಿಯೂ ಉಂಟಂತೆ. ವುರ್ಟೆಂಬೆರ್ಗದಲ್ಲಿ ಮಾತ್ರ ಹಾಗಲ್ಲ. ಅಲ್ಲಿ ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಸಮನಾದ ಪಾಲು. ಅದರ ಫಲವಾಗಿ ಹೊಲಗಳು ಒಡೆಯುತ್ತ ಒಡೆಯುತ್ತ ಪಟ್ಟಿಗಳಾಗಿ, ಹೊಟ್ಟೆಗೆ ಸಾಲದೆ, ಜನರು ಅಮೇರಿಕಕ್ಕೂ ರಶಿಯಾಕ್ಕೂ ವಲಸೆ ಹೋದರು. ಅಣ್ಣತಮ್ಮಂದಿರ ಪಾಲಿನಲ್ಲಿ ಬದುವಿಗಿಂತ ಹೊಲ ಕಿರಿದಾಗುವುದನ್ನು ಕಂಡಿರುವ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

(ಅದೇ ವುರ್ಟೆಂಬೆರ್ಗದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ರಲ್ಲಿ ಹುಟ್ಟಿದ ಹೆರ್ಮನ್ ಮೋಗ್ಲಿಂಗನೇ ಮಂಗಳೂರಿಗೆ ಬಂದು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ, ಕನ್ನಡದ ಮೊದಲ ವೃತ್ತಪತ್ರಿಕೆಯ ಸಂಪಾದಕನಾದನು. ಬೀಗರು ಅವನ ಹೆಸರನ್ನೇ ಕೇಳಿರಲಿಲ್ಲ. ನಾವು ಹೇಳಲಾಗಿ ಅದನ್ನು ಗುರುತು ಹಾಕಿಕೊಂಡರು. ಒಂದು ವಿಷಯದಲ್ಲಾದರೂ ನಮಗೆ ಮೇಲುಗೈಯಾಯಿತು.)

ಪುಸ್ತಕದ ಕಡೆಯಲ್ಲಿ ಎರಡು ಪುಟಗಳು ಖಾಲಿಯಾಗಿದ್ದವು. ಒಂದರ ಮೇಲೆ ನಮ್ಮ ಮೊಮ್ಮಗನ ಹೆಸರು; ಅದರ ಕೆಳಗೆ 'ತಾಯಿಯ ಕಡೆ: ಊರು, ಮನೆ, ಹೊಲ' ಎಂದು ಬರೆದು ಗೆರೆ ಎಳೆದಿತ್ತು. ಬೀಗರು ಲೇಖಣಿಯನ್ನು ನಮ್ಮ ಕೈಗೆ ಕೊಟ್ಟರು. ಊರಿನ ಹೆಸರನ್ನು ಬರೆದೆವು. ಮುಂದೆ ಬರೆಯಲು ಏನೂ ತೋಚಲಿಲ್ಲ. ಅಜ್ಜನವರ ತಂದೆಯ ಹೆಸರೂ ನಮಗೆ ತಿಳಿಯದೆಂಬುದು ಆಗ ಅರಿವಿಗೆ ಬಂದಿತು. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂವರ ಹೆಸರನ್ನು ಹೇಳಬೇಕಷ್ಟೆ. ಮೂರನೆಯವರ ಸ್ಥಾನದಲ್ಲಿ ನಾವು ಇಷ್ಟು ವರ್ಷ ಹೇಳುತ್ತ ಬಂದುದು, ಹೆಸರು ತಿಳಿಯದವರಿಗೆಂದು ಪುರೋಹಿತರು ಹೇಳಿಕೊಟ್ಟ ಹೆಸರು. ಸಂಸ್ಕೃತದ ಮಾಸ್ತರನಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಬೇರಿಲ್ಲ.

ಮಾರ್ಗಶಿರದಲ್ಲಿ, ತಮ್ಮನ ಮಗನನ್ನು ಜೊತೆಗೆ ಕರೆದುಕೊಂಡು ಹೊರಟೆವು. ಹೊರಡುವ ಮುನ್ನ ನಮ್ಮ ಸೋದರತ್ತೆಯವರನ್ನು ಕಂಡು ನಮಸ್ಕರಿಸಿದೆವು. ಎಂಬತ್ತೇಳು ತುಂಬಿದ ಅವರೊಬ್ಬರೇ ಆ ಮನೆಯಲ್ಲಿ ಹುಟ್ಟಿದವರ ಪೈಕಿ ಉಳಿದಿರುವರು. "ಬಾವಿ ಅದ ಏನ್ ನೋಡ್ಕೊಂಡು ಬಾ. ಬಾವಿ ಮಗ್ಗಲ ಹುಣಸಿ ಗಿಡ ಇತ್ತು, ಅದೂ ನೋಡು" ಎಂದಿಷ್ಟೇ ಹೇಳಿದರು. ಹೊಲದ ಗುರುತೇನೆಂದು ಕೇಳಿದರೆ 'ಬಾವಿ ಹೊಲ' ಎಂದರು. ಸರಕಾರದ ಪಹಣಿಯಲ್ಲಿ ಬಾವಿ ಹೊಲವೆಂಬ ಹೆಸರಿರದು. ಅಲ್ಲಿರುವುದು ಸರ್ವೆ ನಂಬರು. ಅತ್ತೆಗೆ ಹೆಸರು ಗೊತ್ತು, ನಂಬರು ಗೊತ್ತಿಲ್ಲ. ಕಚೇರಿಗೆ ನಂಬರು ಗೊತ್ತು, ಹೆಸರು ಗೊತ್ತಿಲ್ಲ. ತಮ್ಮನ ಮಗನು ತನ್ನ ಫೋನಿನಲ್ಲಿಯೇ ಪಹಣಿ ತೆಗೆಯಬಲ್ಲ ಚತುರನಾದರೂ ಇಲ್ಲಿ ಸೋತನು. ಅವನು ಬರಲೊಪ್ಪಿದುದು ಮುತ್ತಜ್ಜನ ಹೆಸರಿಗಾಗಿ ಅಲ್ಲ. ಹೊಲದಲ್ಲಿ ಏನಾದರೂ ದಕ್ಕೀತೆಂಬ ಆಸೆ ಅವನಿಗಿದ್ದಿತು. ನಮಗೆ ಇರಲಿಲ್ಲವೆಂದರೆ ಸುಳ್ಳಾದೀತು.

ಕಲಬುರ್ಗಿಯಿಂದ ಬೀದರಿಗೆ 2017ರಲ್ಲಿ ರೈಲು ಪೂರ್ಣವಾಗಿ ತೆರೆದ ಮೇಲೆ ಹುಮನಾಬಾದಿನ ಪ್ರಯಾಣವು ಸುಲಭವಾಗಿದೆ. ಮರಗುತ್ತಿಯ ಹತ್ತಿರ ಗುಡ್ಡದೊಳಗಿನ ಸುರಂಗವನ್ನು ದಾಟಿ ಗಾಡಿಯು ಮೇಲಿನ ಬಯಲನ್ನೇರುವುದು. ಹುಮನಾಬಾದಿನಲ್ಲಿ ವೀರಭದ್ರೇಶ್ವರನ ದರ್ಶನವನ್ನು ಮಾಡಿ, ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಮಾಧಿಗೆ ನಮಸ್ಕರಿಸಿ, ಅಲ್ಲಿಂದ ಜಲಸಂಗವಿಗೂ ಹೋಗಿಬಂದೆವು. ಅಲ್ಲಿಯ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ, ಆರನೆಯ ವಿಕ್ರಮಾದಿತ್ಯನ ಪ್ರಶಂಸೆಯನ್ನು ಸಂಸ್ಕೃತದಲ್ಲಿ ಕಲ್ಲಿನ ಮೇಲೆ ಬರೆಯುತ್ತಿರುವ ಸ್ತ್ರೀಯ ಒಂದು ಶಿಲ್ಪವುಂಟು. ಬೆನ್ನು ನಮ್ಮ ಕಡೆಗೆ, ಕೈ ಅಕ್ಷರಗಳ ಕಡೆಗೆ. ಒಂಬೈನೂರು ವರ್ಷ ಬಿಸಿಲಿನಲ್ಲಿ ನಿಂತು ಬರೆಯುತ್ತಲೇ ಇರುವಳು. ಬೀಗರ ಇಗರ್ಜಿಯ ಪುಸ್ತಕಗಳು ಹುಟ್ಟುವುದಕ್ಕೆ ನಾಲ್ಕು ನೂರು ವರ್ಷ ಮೊದಲೇ ನಮ್ಮಲ್ಲಿ ಬರೆದಿಡುವ ಶ್ರದ್ಧೆ ಹೀಗಿದ್ದಿತು. ಆದರೆ ಅದು ಅರಸರ ಹೆಸರಿಗೆ, ಒಕ್ಕಲ ಹೆಸರಿಗಲ್ಲ.

ಆ ವಿಕ್ರಮಾದಿತ್ಯನು ಸನ್ 1076ರಿಂದ 1126ರವರೆಗೆ ಆಳಿದ ಕಲ್ಯಾಣವು, ಈಗಿನ ಬಸವಕಲ್ಯಾಣವು, ಅಲ್ಲಿಂದ ದೂರವಿಲ್ಲ. ಅವನ ಕಾಲದಲ್ಲಿ ಅಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ತು ಬರುವುದೆಂಬ ಅವನ ಸಿದ್ಧಾಂತವು, ಬಂಗಾಳವನ್ನು ಬಿಟ್ಟರೆ, ಹೆಚ್ಚುಕಡಿಮೆ ಭರತಖಂಡದ ಹಿಂದೂ ಕುಟುಂಬಗಳಿಗೆಲ್ಲ ನ್ಯಾಯವಾಯಿತು. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯಭಾಗವನ್ನು ಇಂಗ್ಲೀಷಿಗೆ ತಿರುಗಿಸಿದ ಮೇಲೆ ಕೋರ್ಟುಗಳಿಗೂ ಆಧಾರವಾಯಿತು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲೆಂದು ನಮ್ಮ ರಾಜ್ಯದಲ್ಲಿ 1994ರಲ್ಲಿಯೂ, ದೇಶಕ್ಕೆಲ್ಲ 2005ರಲ್ಲಿಯೂ ಕಾಯಿದೆಯಾಯಿತು. ವಿಜ್ಞಾನೇಶ್ವರನು ತಲುಪದಿದ್ದ ಎಡೆಗೆ ವುರ್ಟೆಂಬೆರ್ಗದ ಒಕ್ಕಲಿಗರು ಮೊದಲೇ ತಲುಪಿದ್ದರೆಂದು ನಾವು ಹೇಳಲಾಗಿ ತಮ್ಮನ ಮಗನು ನಕ್ಕನು. ಆದರೆ ಅವನ ಮನಸ್ಸೆಲ್ಲ ಬೇರೊಂದು ಪ್ರಶ್ನೆಯಲ್ಲಿತ್ತು: "ದೊಡ್ಡಪ್ಪ, ಎಪ್ಪತ್ತು ವರ್ಷ ಆದ ಮ್ಯಾಲ ಹೊಲ ಕೇಳಿದ್ರ ನಡೀತದೇನು?"

ಕೋರ್ಟಿನ ಉತ್ತರವನ್ನು ವಕೀಲರು ಹೇಳಬೇಕು. ಶಾಸ್ತ್ರದ ಉತ್ತರವನ್ನು ಹೇಳಿದೆವು. ತನ್ನ ಭೂಮಿಯನ್ನು ಪರನು ಅನುಭವಿಸುತ್ತಿರುವುದನ್ನು ಕಣ್ಣಾರೆ ಕಂಡೂ ಇಪ್ಪತ್ತು ವರ್ಷ ಬಾಯಿ ಬಿಡದವನಿಗೆ ಹಾನಿಯೆಂದು ಯಾಜ್ಞವಲ್ಕ್ಯನ ಮತ. ವಿಜ್ಞಾನೇಶ್ವರನು ಇಲ್ಲಿ ನಿಂತು ವಿಚಾರ ಮಾಡುವನು: ಹಾನಿಯಾಗುವುದು ಭೂಮಿಯ ಒಡೆತನಕ್ಕಲ್ಲ, ಅಷ್ಟು ಕಾಲದ ಫಲಕ್ಕೆ ಮಾತ್ರ ಎಂದು ಅವನು ಹೇಳುವನು. ಸುಮ್ಮನಿದ್ದ ಮಾತ್ರಕ್ಕೆ ಸ್ವತ್ತು ಸಾಯದು. ಇದನ್ನು ಕೇಳಿ ಹುಡುಗನ ಕಣ್ಣು ಹೊಳೆದವು. ಹೇಳಬಾರದಿತ್ತೇನೋ ಎಂದು ನಮಗೆ ಆ ಮೇಲೆ ಅನಿಸಿತು.

ದಾಖಲೆಗಳ ಗೋಜನ್ನು ಚುಟುಕಾಗಿ ಹೇಳಿ ಮುಗಿಸುವೆವು. ಹೈದರಾಬಾದ ಸಂಸ್ಥಾನದಲ್ಲಿ 1884ರವರೆಗೆ ಸರಕಾರದ ಬರಹವೆಲ್ಲ ಪಾರಸಿಯಲ್ಲಿ, ತರುವಾಯ ಉರ್ದುವಿನಲ್ಲಿ ನಡೆಯಿತು. ಮೊದಲನೆಯ ಸಾಲಾರಜಂಗನು 1853ರಿಂದ 1883ರವರೆಗೆ ದಿವಾನನಾಗಿದ್ದಾಗ ಮುಂಬಯಿಯ ಮಾದರಿಯ ಮೋಜಣಿಯು ಆರಂಭವಾಯಿತು. ಜಹಗೀರುಗಳ ಊರುಗಳ ಲೆಕ್ಕ ಮಾತ್ರ ಜಹಗೀರದಾರರ ಕಚೇರಿಗಳಲ್ಲಿಯೇ ಉಳಿಯಿತು. 1949ರಲ್ಲಿ ಜಹಗೀರುಗಳು ರದ್ದಾಗುವಾಗ ಆ ಕಾಗದಗಳು ಸರಕಾರದ ವಶವಾದವು. 1950ರಲ್ಲಿ ಒಕ್ಕಲುತನದ ಕಾಯಿದೆ. 1954-55ರಲ್ಲಿ ಖಾಸರಾ ಪಹಣಿ. 1956ರ ನವಂಬರ 1ರಂದು ಹುಮನಾಬಾದ ತಾಲೂಕು ಅಂದಿನ ಮೈಸೂರು ರಾಜ್ಯಕ್ಕೆ ಸೇರಿ, ಉರ್ದು ಹೋಗಿ ಕನ್ನಡ ಬಂದಿತು. ಒಂದೇ ಹೊಲವು ನೂರು ವರ್ಷದೊಳಗೆ ಮೂರು ಭಾಷೆಗಳಲ್ಲಿ ಹೆಸರು ಬರೆಯಿಸಿಕೊಂಡರೆ ಅದನ್ನು ಹಿಡಿಯುವುದು ಹೇಗೆ? ಇಂಥ ಹಳೆಯ ಕಾಗದಗಳಿರುವ ಒಂದು ಕಚೇರಿಗೆ ಎರಡು ಸಲ ಹೋದೆವು. ಮೊದಲ ಸಲ ಕೀಲಿಕೈ ಇರಲಿಲ್ಲ, ಎರಡನೆಯ ಸಲ ಕೀಲಿಕೈ ಇದ್ದವರು ಇರಲಿಲ್ಲ.

ಚಿಟಗುಪ್ಪೆಯ ಮೇಲಿಂದ ಬೇಮಳಖೇಡಕ್ಕೆ ಹೋಗುವ ದಾರಿಯ ಎರಡೂ ಕಡೆಗೆ ತೊಗರಿಯು ಕಾಯಿ ಹಿಡಿದು ನಿಂತಿದ್ದಿತು. ನಡುನಡುವೆ ಮೊಣಕಾಲೆತ್ತರದ ಬಿಳಿಜೋಳ, ಕಡಲೆ. ಒಂದು ಕಡೆ ಎರೆ, ಅದರ ಮಗ್ಗುಲಲ್ಲಿಯೇ ಕೆಂಪು ಮಡ್ಡಿ. ಈ ಬೀದರ ಸೀಮೆಯ ಕೆಂಪು ಜಂಬಿಟ್ಟಿಗೆಯ ಕಲ್ಲು ನೆಲದಲ್ಲಿರುವಾಗ ಕೊಡಲಿಗೂ ಸಿಕ್ಕುವಷ್ಟು ಮೃದು, ಹೊರಗೆ ತೆಗೆದು ಗಾಳಿಗೊಡ್ಡಿದರೆ ಗಟ್ಟಿ. ಖೇಡವೆಂಬುದು ಸಂಸ್ಕೃತದ ಖೇಟ ಶಬ್ದದ ತದ್ಭವ. ಒಕ್ಕಲಿಗರ ಊರೆಂದು ಅರ್ಥ. ರಾಷ್ಟ್ರಕೂಟರ ಮಾನ್ಯಖೇಟವು ಮಳಖೇಡವಾದ ಬಗೆ ಇದೇ.

ಊರಿನ ಅಗಸಿಯ ಬಳಿ ಕುಳಿತಿದ್ದ ಮುದುಕರೊಬ್ಬರಿಗೆ ಅಡ್ಡಹೆಸರನ್ನು ಹೇಳಿದೆವು, ಗುರುತಾಗಲಿಲ್ಲ. ಆಗುವುದಾದರೂ ಹೇಗೆ? ಊರಿನೊಳಗಿದ್ದವರಿಗೆ ಊರಿನ ಹೆಸರು ಅಡ್ಡಹೆಸರಾಗದಷ್ಟೆ! ಅಜ್ಜನವರ ಹೆಸರನ್ನು ಹೇಳಲಾಗಿ, "ಪಂತರ ವಾಡೇದವ್ರೇನ್ರಿ?" ಎಂದು ಎದ್ದು ನಿಂತರು.

ವಾಡೆಯಿರಲಿಲ್ಲ. ಕೆಂಪು ಕಲ್ಲಿನ ಒಂದು ಮೂಲೆ, ಅದರಲ್ಲಿ ದೀಪದ ಮಾಡ, ಮಾಳಿಗೆಯ ಮಣ್ಣು ಕುಸಿದು ಆದ ದಿಬ್ಬ, ದಿಬ್ಬದ ಮೇಲೆ ಬೇವಿನ ಗಿಡ. ಹಗೇವಿನ ಬಾಯಿಗೆ ಒಂದು ಚಪ್ಪಡಿ ಮುಚ್ಚಿದ್ದಿತು. ಮಾಡದಲ್ಲಿ ಎಣ್ಣೆಯ ಕಪ್ಪು ಇನ್ನೂ ಇದ್ದಿತು. ನಾವು ಅದರೊಳಗೆ ಕೈಯಿಟ್ಟು ನೋಡಿದೆವು.

ಬಾವಿ ಹೊಲವು ಊರಿಗೆ ಹೊಂದಿಯೇ ಇರುವುದು. ಹೊಲದಲ್ಲಿಯೇ ಮನೆ ಕಟ್ಟಿಕೊಂಡಿರುವ ಯಜಮಾನರಿಗೆ ಎಪ್ಪತ್ತರ ಮೇಲಾಗಿರಬೇಕು. ನಾವು ಯಾರೆಂದು ತಿಳಿದೊಡನೆ ಅವರ ಮುಖವು ಬಿಗಿಯಿತು. ಮಗನು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತನು.

"ಹೊಲ ಕೇಳ್ಲಾಕ ಬಂದೀರೇನ್ರಿ?"

"ಇಲ್ರಿ, ನೋಡ್ಲಾಕ ಬಂದೀವಿ" ಎಂದೆವು. ತಮ್ಮನ ಮಗನು ಏನೋ ಹೇಳಹೊರಟುದನ್ನು ಕಣ್ಣಿನಿಂದಲೇ ತಡೆದೆವು. ಬೀಗರು ತಮ್ಮ ಹಿರಿಯರ ಮನೆಯೊಂದನ್ನು ಹುಡುಕಿ ಹೋದಾಗ ಅಲ್ಲಿದ್ದವರೂ ಮೊದಲು ಹೀಗೆಯೇ ಅಂಜಿ, ಬಳಿಕ ಒಳಗೆ ಕರೆದು ಕಾಫಿ ಕೊಟ್ಟರೆಂದು ಹೇಳಿದ್ದುದು ನೆನಪಾಯಿತು. ಅದನ್ನೇ ಯಜಮಾನರಿಗೆ ಹೇಳಿದೆವು. ಜರ್ಮನಿಯ ಪುಸ್ತಕದ ಮಾತನ್ನೂ, ಖಾಲಿ ಪುಟದ ಮಾತನ್ನೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನೆ ಕೇಳಿ, "ಕುಂದರ್ರಿ" ಎಂದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದ್ದಿತು.

"ನಮ್ಮ ಮುತ್ಯಾ ಹೇಳಿದ್ದ, ಪಂತರ ಮನ್ಯಾಗಿಂದು ಯಾರರೆ ಬಂದ್ರ ಈ ಕಾಗದ ತೋರಸ್ರಿ ಅಂತ. ಯಾರೂ ಬರ್ಲೇ ಇಲ್ಲ."

ಮೂರು ಮಡಿಕೆಯ ಮುದ್ರೆಯ ಕಾಗದ, ಉರ್ದು ಬರಹ. ನಮ್ಮ ತಂದೆಯವರಾಗಿದ್ದರೆ ನೀರು ಕುಡಿದಷ್ಟು ಸುಲಭವಾಗಿ ಓದುತ್ತಿದ್ದರು. ನಮಗೆ ಒಂದಕ್ಷರವೂ ತಿಳಿಯದು. ಊರಿನಲ್ಲಿಯೇ ನೆಲೆಸಿದ್ದ ಉರ್ದು ಶಾಲೆಯ ನಿವೃತ್ತ ಮಾಸ್ತರರನ್ನು ಕರೆತಂದರು. ಅವರು ಕನ್ನಡಕವನ್ನು ಒರಸಿಕೊಂಡು, ಓಡುಬರಹವನ್ನು ಬೆರಳಿನಿಂದ ಹಿಡಿಯುತ್ತ ಓದಿದರು. ಹಳೆಯ ಲೆಕ್ಕದವರು ಹಣವನ್ನು ಬರೆಯುತ್ತಿದ್ದ ರಕಮು ಎಂಬ ಗುರುತುಗಳು ಮಾತ್ರ ಅವರಿಗೂ ಬಿಡಿಸಲಾಗಲಿಲ್ಲ. ಪುಣ್ಯಕ್ಕೆ ಪಕ್ಕದಲ್ಲಿಯೇ ಅಕ್ಷರಗಳಲ್ಲಿಯೂ ಬರೆದಿದ್ದಿತು.

ಅದು ಬೈನಾಮೆ, ಅಂದರೆ ಖರೀದಿಯ ಕಾಗದ. ಫಸಲಿ 1355, ಖುರ್ದಾದ ತಿಂಗಳು. ಆ ತಿಂಗಳಿಗೆ ಫಸಲಿಗೆ 591 ಕೂಡಿಸಬೇಕೆಂಬುದು ಆ ಸೀಮೆಯ ಲೆಕ್ಕ. ಸನ್ 1946ರ ಬೇಸಿಗೆ ಎಂದಾಯಿತು. ರಜಾಕಾರರ ಗಲಭೆಗೆ ಎರಡು ವರ್ಷ ಮೊದಲು! ಬಾವಿ ಹೊಲವನ್ನು ಬಾವಿಯ ಸಮೇತವಾಗಿ, ಏಳು ನೂರು ಹಾಲಿ ಸಿಕ್ಕಾ ರೂಪಾಯಿಗೆ, ಹಣ ಕೈಗೆ ಮುಟ್ಟಿ, ಸ್ವಸಂತೋಷದಿಂದ ಬರೆದುಕೊಟ್ಟವರು ನಮ್ಮ ಅಜ್ಜ. ಕಾರಣವೆಂದು ಬರೆದುದು: ಮನೆಯ ಜರೂರತ್ತಿಗಾಗಿ, ಮಗನ ಹೈದರಾಬಾದಿನ ವಿದ್ಯಾಭ್ಯಾಸಕ್ಕಾಗಿ.

ಆ ಮಗನೆಂದರೆ ನಮ್ಮ ತಂದೆಯವರು.

ಆಪತ್ಕಾಲ, ಕುಟುಂಬದ ನಿರ್ವಾಹ, ಧರ್ಮಕಾರ್ಯ, ಈ ಮೂರಕ್ಕೆ ಕುಟುಂಬದ ಸ್ಥಿರಾಸ್ತಿಯನ್ನು ಕೊಡಬಹುದೆಂದು ಮಿತಾಕ್ಷರೆಯಲ್ಲಿರುವುದನ್ನು ನಾವು ಎಷ್ಟು ಸಲ ಓದಿದ್ದೆವೋ! ಭೂಮಿಯು ಕೈಬದಲಾಗುವಾಗ ಊರವರೂ ನೆಂಟರೂ ನೆರೆಹೊಲದವರೂ ಅರಿತಿರಬೇಕೆಂದೂ ಅಲ್ಲಿಯೇ ಇರುವುದು. ಕಾಗದದ ಕೆಳಗೆ ಐವರ ಹೆಬ್ಬೆಟ್ಟುಗಳಿದ್ದವು. ನಾಲ್ವರು ನಾಲ್ಕು ದಿಕ್ಕಿನ ಹೊಲದವರು. ಮಿತಾಕ್ಷರೆಯನ್ನು ಕಾಣದಿದ್ದ ಉರ್ದು ಕಾರಕೂನನು ಎಲ್ಲವನ್ನೂ ಅದರಂತೆಯೇ ಬರೆದಿದ್ದನು. ಮೇಲಣ ಸಾಲಿನಲ್ಲಿ, ರೂಢಿಯಂತೆ, ಬರೆದುಕೊಟ್ಟವರ ತಂದೆಯ ಹೆಸರು, ಅವರ ತಂದೆಯ ಹೆಸರು. ಮಾಸ್ತರರು ಎರಡು ಸಲ ಓದಿ ಹೇಳಿದರು. ನಾವು ಕನ್ನಡದಲ್ಲಿ ಬರೆದುಕೊಂಡೆವು. ಮುತ್ತಜ್ಜನ ಹೆಸರನ್ನು ನಮ್ಮ ಮನೆಯು ಕಳೆದುಕೊಂಡಿತ್ತು. ಕಳ್ಳರೆಂದು ನಾವು ಅಂದುಕೊಂಡಿದ್ದವರು ಅದನ್ನು ಪೆಟ್ಟಿಗೆಯಲ್ಲಿ ಕಾದಿಟ್ಟಿದ್ದರು.

ತಮ್ಮನ ಮಗನು ತಲೆಯೆತ್ತಲಿಲ್ಲ. ಮನೆಯಲ್ಲಿ ಎಪ್ಪತ್ತು ವರ್ಷ ಆಡಿದ ಮಾತನ್ನು ಯಜಮಾನರಿಗೆ ಹೇಳಿ ಕ್ಷಮೆ ಬೇಡಬೇಕೆಂದು ಬಾಯಿ ತೆರೆದೆವು. ಅವರು ತಡೆದು, "ಅದೆಲ್ಲ ಊರಾಗ ನಮಗ ಗೊತ್ತಿತ್ರಿ. ಬರ್ರಿ, ರೊಟ್ಟಿ ತಿನ್ರಿ" ಎಂದರು. ಬಿಸಿ ಜೋಳದ ರೊಟ್ಟಿ, ತೊಗರಿಬ್ಯಾಳಿ, ಶೇಂಗಾ ಹಿಂಡಿ. ಮೊದಲನೆಯ ತುತ್ತು ಗಂಟಲಿಗಿಳಿಯುವುದು ಕಷ್ಟವಾಯಿತು.

ಸಂಜೆಗೆ ಬಾವಿಯನ್ನು ಕಂಡೆವು. ಕೆಂಪು ಕಲ್ಲನ್ನು ಕಡಿದು ಇಳಿಸಿದ ಮೆಟ್ಟಿಲುಗಳು, ಅರ್ಧಕ್ಕೆ ನೀರು, ಪಂಪಿನ ಕೊಳವೆ. ಹುಣಸೆಯ ಗಿಡವಿಲ್ಲ, ಸಿಡಿಲು ಬಡಿದು ಹೋಯಿತಂತೆ. ಕಾಗದದ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು, ಒಂದು ತಂಬಿಗೆ ನೀರು ಕುಡಿದು, ಕತ್ತಲೆಗೆ ಮೊದಲೇ ಚಿಟಗುಪ್ಪೆಯ ಮೋಟಾರು ಹಿಡಿದೆವು.

ಅತ್ತೆಯವರಿಗೆ ಮರುದಿನ ಎಲ್ಲವನ್ನೂ ಹೇಳಿದೆವು. ಖರೀದಿಯ ಮಾತು ಬಂದಾಗ ಅವರು ಬೆರಗಾಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದು, "ನನಗ ಗೊತ್ತಿತ್ತು" ಎಂದರು. "ನಾ ಸಣ್ಣಾಕಿ. ಅಣ್ಣಗ ಗೊತ್ತಾದ್ರ ಶಾಲಿ ಬಿಟ್ಟು ಬರ್ತಾನ ಅಂತ ಅಪ್ಪ ನಮಗೆಲ್ಲ ಆಣಿ ಹಾಕಿದ್ದ. ಊರು ಬಿಟ್ಟ ಮ್ಯಾಲ ಅಣ್ಣ ಹೊಲ ಏನಾಯ್ತು ಅಂತ ಕೇಳ್ದ; ಅಪ್ಪ 'ಹೋಯ್ತು' ಅಂದ. ಅಷ್ಟೇ ಅಂದಿದ್ದ ಅವ. ಉಳಿದದ್ದೆಲ್ಲ ಅಣ್ಣನೇ ತಿಳ್ಕೊಂಡ."

ತಂದೆಯವರು ತೀರಿಕೊಂಡು ಹದಿನಾಲ್ಕು ವರ್ಷಗಳಾದವು.

ಖಾಲಿ ಪುಟವನ್ನು ತುಂಬಿ ಸ್ಟುಟ್‌ಗಾರ್ಟಿಗೆ ಕಳುಹಿಸಿದ್ದೇವೆ. ಮುತ್ತಜ್ಜನ ಹೆಸರನ್ನೂ ಅವರ ತಂದೆಯ ಹೆಸರನ್ನೂ ಮೇಲೆ ಬರೆದು, ಮನೆ ಎಂಬಲ್ಲಿ 'ಒಂದು ಗೋಡೆಯುಳಿದಿದೆ' ಎಂದೂ, ಹೊಲ ಎಂಬಲ್ಲಿ '1946ರಲ್ಲಿ ಮಾರಿದುದು. ಕೊಂಡವರ ಮಕ್ಕಳು ಉಳುತ್ತಿರುವರು' ಎಂದೂ ಬರೆದೆವು. ಹಾಲಿ ಸಿಕ್ಕಾ ಎಂದರೆ ಏನೆಂದು ಬೀಗರು ಕೇಳಿ ಬರೆದಿದ್ದಾರೆ. ಅದು ನಿಜಾಮನ ಸಂಸ್ಥಾನದ ಸ್ವಂತ ನಾಣ್ಯವೆಂದು ಉತ್ತರ ಬರೆಯಬೇಕು. ಅತ್ತೆಯವರು ತಮ್ಮನ್ನೂ ಬೇಮಳಖೇಡಕ್ಕೆ ಕರೆದೊಯ್ಯಬೇಕೆಂದು ಹಟ ಹಿಡಿದಿದ್ದಾರೆ. ಬಾವಿಯ ಮೆಟ್ಟಿಲುಗಳನ್ನು ಅವರು ಇಳಿಯಲಾರರೆಂದರೆ, ಮೇಲೆಯೇ ಕುಳಿತು ನೋಡುವೆನೆನ್ನುತ್ತಾರೆ. ಸಂಕ್ರಾಂತಿಯ ತರುವಾಯ, ಚಳಿ ಇಳಿದ ಮೇಲೆ ಹೋಗುವುದೆಂದು ಗೊತ್ತುಮಾಡಿದೆ. ತಮ್ಮನ ಮಗನು ತಾನೇ ಮೋಟಾರನ್ನು ನಡೆಸುವೆನೆಂದಿರುವನು. ಯಜಮಾನರಿಗೆ ಫೋನಿನಲ್ಲಿ ತಿಳಿಸಿದೆವು. "ಬರ್ರಿ, ಆ ಹೊತ್ತಿಗೆ ತೊಗರಿ ರಾಶಿ ಆಗಿರ್ತದ" ಎಂದರು.